ಪ್ಲೇಟು ಯಾಕೆ ಲೆಕ್ಕಕ್ಕಿಲ್ಲ

ರಾಬರ್ಟ್‌ಸನ್‌ಪೇಟೆಯಲ್ಲಿ ಬ್ಯಾಟರಿ ಅಂಗಡಿ ನಡೆಸುವ ಸೆಲ್ವಿಯಕ್ಕ ನಮ್ಮ ಮನೆಯ ಯುಪಿಎಸ್ ಬ್ಯಾಟರಿಯಿಂದ ಗಾಜಿನ ನಳಿಕೆಗೆ ಆಸಿಡ್ ಹೀರಿ, ಒಳಗೆ ತೇಲುವ ಅಳತೆಯ ಕಡ್ಡಿಯನ್ನೇ ನೋಡುತ್ತಿದ್ದರು.

“ಸೀಸದ ಪ್ಲೇಟು ನೋಡಲ್ವಾ ಅಕ್ಕ?” ಎಂದೆ.

“ದಪ್ಪ ಇದ್ರೂ ಸೀಸಾನೇ, ತೆಳ್ಳಗಿದ್ರೂ ಸೀಸಾನೇ ಕಣಮ್ಮಾ. ನೀರಾಗೋದು, ಗಟ್ಟಿಯಾಗೋದು ಆಸಿಡ್ಡೇ. ಚಾರ್ಜ್ ಎಷ್ಟೈತೆ ಅಂತ ಅದನ್ನೇ ಕೇಳ್ಬೇಕು. ಕಾಲೇಜ್ ಮೇಡಮ್ಮಿಗೆ ಇದೂ ನಾನೇ ಏಳ್ಕೊಡ್ಬೇಕಾ?” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಹಿಂದಿನ ದಿನವಷ್ಟೇ ಬಂಗಾರಪೇಟೆಯ ಕಾಲೇಜಿನಲ್ಲಿ, ವಿದ್ಯುತ್ ಕೋಶದೊಳಗಿನ ಕ್ರಿಯೆ ಎಷ್ಟು ಮುಂದುವರಿದಿದೆ ಎಂದು ತಿಳಿಸುವ ರಿಯಾಕ್ಷನ್ ಕ್ವೋಶೆಂಟ್ ಲೆಕ್ಕ ಮಾಡಿಸುತ್ತಿದ್ದೆ. ದ್ರಾವಣ ಎಷ್ಟು ಗಟ್ಟಿ ಎಂಬ ಸಾರತೆಯನ್ನು ಮಾತ್ರ ತೆಗೆದುಕೊಂಡು ಅದರಲ್ಲಿ ಮುಳುಗಿರುವ ಸತುವಿನ ಕಡ್ಡಿಯನ್ನು ಬಿಟ್ಟಿದ್ದೇಕೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. “ಅದು ನಿಯಮ, ಬರೆದುಕೋ” ಎಂದುಬಿಟ್ಟೆ. ಅವಳು ಬರೆದುಕೊಳ್ಳದೆ ಪೆನ್ನಿನ ಮುಚ್ಚಳ ಹಾಕಿದಳು.

ಅಕ್ಕನ ಮಾತು ಕೇಳಿದ ಮರುದಿನ ಆ ವಿದ್ಯಾರ್ಥಿನಿಯ ಪ್ರಶ್ನೆಯಿಂದಲೇ ಪಾಠ ಶುರುಮಾಡಿದೆ. ಕಡ್ಡಿ ಎಷ್ಟು ಸವೆದರೂ ಉಳಿದದ್ದು ಅದೇ ಸತು, ಸಾರತೆ ಬದಲಾಗುವುದು ದ್ರಾವಣದ್ದು ಎಂದು ಸೆಲ್ವಿಯಕ್ಕನ ಹೆಸರು ಹೇಳಿಯೇ ವಿವರಿಸಿದೆ. ಅಕ್ಕನೆದುರು ಹೇಳಲಾಗದೆ ಉಳಿದ ಧನ್ಯವಾದವನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂದು ತರಗತಿಯಲ್ಲಿ ಆ ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು.