ಹಳದಿ ಆಕಾಶದ ಗ್ರಹ

ಚನ್ನಪಟ್ಟಣದ ಬೊಂಬೆ ಅಂಗಡಿಯಲ್ಲಿ ಇವತ್ತು ಬಿಸಿ ಅರಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಸೀಮಾಳ ಮೇಲಿನ ಹಳೇ ಹೊಟ್ಟೆಕಿಚ್ಚು ಎದ್ದು ಕೂತಿತು.

ಚಿಕ್ಕವರಿದ್ದಾಗ ನಾವಿಬ್ಬರೂ ನೋಡುತ್ತಿದ್ದ ಟೀವಿ ಧಾರಾವಾಹಿಯಲ್ಲಿ ಅನ್ಯಗ್ರಹದವರು ಬರುತ್ತಿದ್ದರು, ಅವರ ಗ್ರಹವನ್ನು ಮಾತ್ರ ಯಾವತ್ತೂ ತೋರಿಸಲಿಲ್ಲ. ಅದು ಹೇಗಿರುತ್ತದೆಂದು ಕಥೆ ಕಟ್ಟಿದವಳು ನಾನು. ಪಕ್ಕದ ಮನೆಯ ನಸೀಮಾ ಬರೀ ಹೂಂಗುಟ್ಟುತ್ತಿದ್ದಳು. ಬೊಂಬೆ ಮಾಡುವ ಅವಳಪ್ಪ ಒಂದು ದಿನ ಕಿವಿಗೆ ಬೀಡಿ ಸಿಕ್ಕಿಸಿಕೊಂಡು, ಮರದ ಗುಂಡೊಂದನ್ನು ಮಶೀನಿಗೆ ಹಾಕಿ, "ಅಲ್ಲಿ ಆಕಾಸ ಯಾವ ಬಣ್ಣ ಕಣವ್ವ?" ಎಂದು ನನ್ನನ್ನೇ ಕೇಳಿದರು.

"ಹಳದಿ."

ತಿರುಗುವ ಗುಂಡಿಗೆ ಹಳದಿ ಅರಗು ಒತ್ತಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತಂದು, ಗ್ರಹವನ್ನು ಮಗಳ ಕೈಗಿಟ್ಟರು.

"ನೀ ಬೇಕಾದ್ರೆ ಅದ್ರ ಚಂದ್ರನ ಮ್ಯಾಲೆ ಇರು ಕಣೆ," ಎಂದಳು ನಸೀಮಾ.

ಇವತ್ತು ಅಂಥದ್ದೇ ಹಳದಿ ಗುಂಡು ಕೊಂಡೆ. ಜೊತೆಗಿದ್ದ ನನ್ನ ಮಗಳು ಕೈಚಾಚಿದಳು.

"ನೀನು ಚಂದ್ರನ ಮೇಲೆ ಇರು," ಎಂದೆ.