ಮೀನಾಕ್ಷಿಯ ಕೋಚ್ ಯಾರು

ನಮ್ಮ ಹರಿಹರದ ಶಾಲೆಯ ಪಿಟಿ ಮೇಷ್ಟ್ರು ರವಿಚಂದ್ರ ಹೊಟ್ಟೆಕಿಚ್ಚಿನ ಮನುಷ್ಯರಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಗಣಿತ ಮೇಷ್ಟ್ರಾದ ನನಗೆ ಬಡ್ತಿ ಬಂದಾಗ ಪೇಡೆ ಹಂಚಿದವರೇ ಅವರು. ಮೀನಾಕ್ಷಿಯ ವಿಷಯದಲ್ಲಿ ಮಾತ್ರ ಬೇರೆಯೇ ಮನುಷ್ಯರಾಗಿಬಿಟ್ಟರು.

ಕೊಕ್ಕನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಆ ಹುಡುಗಿಗೆ ಖೊಖೊ ಕಲಿಸಿದ್ದು ಅವರು. ಭಾನುವಾರವೂ ಬಿಡದೆ ಓಡಿಸಿ, ಬಿದ್ದರೆ ಬೈದು, ಮನೆಯಿಂದ ಮೊಟ್ಟೆ ಬೇಯಿಸಿ ತಂದು ತಿನ್ನಿಸಿದರು. ಅವಳ ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ದಾವಣಗೆರೆಯ ಕಾಲೇಜೊಂದರ ಫಿಜಿಕಲ್ ಡೈರೆಕ್ಟರ್ ಮಾಲತೇಶಪ್ಪ ಒಂದೇ ಒಂದು ಪಂದ್ಯ ನೋಡಿ, ಸೀಟು, ಹಾಸ್ಟೆಲ್, ಊಟ ಎಲ್ಲ ಉಚಿತ ಎಂದು ಅವಳನ್ನು ಕರೆದೊಯ್ದರು. ಅವಳ ಅಪ್ಪನನ್ನು ಒಪ್ಪಿಸಿದ್ದೂ ನಮ್ಮ ಮೇಷ್ಟ್ರೇ. ಒಪ್ಪಿಸಿ ಬಂದವರು ವಾರವಿಡೀ ಯಾರ ಜೊತೆಗೂ ಮಾತಾಡಲಿಲ್ಲ.

ಮುಂದಿನ ವರ್ಷ ಪತ್ರಿಕೆಯಲ್ಲಿ ಅವಳ ಫೋಟೊ ಬಂತು. ಪಕ್ಕದಲ್ಲಿ ನಗುತ್ತ ಮಾಲತೇಶಪ್ಪ, ಕೆಳಗೆ 'ತರಬೇತುದಾರರೊಂದಿಗೆ' ಎಂಬ ಸಾಲು.

"ಕೊಳ್ಳಾಗ ಸೀಟಿ ಹಾಕ್ಕೊಂಡು ನಿಂತಿದ್ದು ಬಿಟ್ರೆ ಇವ್ರೇನ್ ಕಲ್ಸ್ಯಾರ್ರಿ?" ಎಂದ ಮೇಷ್ಟ್ರು, ಆ ಪತ್ರಿಕೆ ಹಾಸಿ ಮಾಲತೇಶಪ್ಪನ ಮುಖದ ಮೇಲೇ ಮಂಡಕ್ಕಿ ಸುರುವಿಕೊಂಡು ತಿಂದರು.

ಈ ಸಲ ಕಾಲೇಜುಗಳ ಫೈನಲ್ ದಾವಣಗೆರೆಯಲ್ಲೇ ಇತ್ತು. "ನಾ ಬರಲ್ಲ" ಎಂದವರು ನನಗಿಂತ ಮೊದಲೇ ಬಸ್ ಸ್ಟ್ಯಾಂಡಿನಲ್ಲಿದ್ದರು. ಎಲ್ಲರೆದುರು ಒಂದು ಸಲ ಅವಳು ತನ್ನ ಮಾತು ಕೇಳಬೇಕು, ಅವಳ ಗುರು ಯಾರೆಂದು ಮಾಲತೇಶಪ್ಪನಿಗೆ ಗೊತ್ತಾಗಬೇಕು. ಅವರಿಗೆ ಬೇಕಿದ್ದುದು ಅಷ್ಟೇ.

ಕೊನೆಯ ನಿಮಿಷದಲ್ಲಿ ಮೀನಾಕ್ಷಿ ಕಂಬದ ಬಳಿ ಸಿಕ್ಕಿಹಾಕಿಕೊಂಡಳು. ಬೆನ್ನಟ್ಟುವ ಹುಡುಗಿ ಕೈಗೆ ಸಿಗುವಷ್ಟು ಹತ್ತಿರವಿದ್ದಳು.

"ಎಡಕ್ಕೆ! ಮೀನಾಕ್ಷಿ, ಎಡಕ್ಕೆ!" ಮೈದಾನವೇ ತಿರುಗಿ ನೋಡುವಂತೆ ಮೇಷ್ಟ್ರು ಕೂಗಿದರು.

ಅವಳು ಬಲಕ್ಕೆ ಜಿಗಿದಳು. ಬೆನ್ನಟ್ಟುವವಳು ಎಡಕ್ಕೆ ಹಾರಿ ಮಣ್ಣು ಮುಕ್ಕಿದಳು. ಮೀನಾಕ್ಷಿಯ ತಂಡ ಗೆದ್ದಿತು, ಮೇಷ್ಟ್ರ ಮುಖ ಮಾತ್ರ ಸೋತವರ ಹಾಗಿತ್ತು.

ಅವಳು ನೇರ ನಮ್ಮತ್ತ ಓಡಿ ಬಂದು ಅವರ ಕಾಲು ಮುಟ್ಟಿದಳು.

"ನಾ ಕೂಗಿದ್ದು ಕೇಳಿಸ್ಲಿಲ್ಲೇನವ್ವ?"

"ಕೇಳಿಸ್ತು ಸಾರ್. ಆ ಹುಡುಗೀಗೂ ಕೇಳಿಸಿರುತ್ತಲ್ಲ, ಅದ್ಕೇ ಬಲಕ್ಕೆ ಹೋದೆ."

ಮೇಷ್ಟ್ರು ದೂರದಲ್ಲಿದ್ದ ಮಾಲತೇಶಪ್ಪನತ್ತ ನೋಡಿದರು. ಆಮೇಲೆ, "ಈ ಉಪಾಯ ಆ ಸಾರ್ ಕಲ್ಸಿದ್ದಾ?" ಎಂದರು.

"ಇಲ್ಲ ಸಾರ್, ನಂಗೇ ಹೊಳೀತು."

ವರ್ಷದ ಮೇಲೆ ಮೇಷ್ಟ್ರು ಮನಸಾರೆ ನಕ್ಕಿದ್ದನ್ನು ಅಂದು ನೋಡಿದೆ. ಬಸ್ಸು ಹರಿಹರ ಮುಟ್ಟುವವರೆಗೂ ಅದೇ ಮಾತು.

"ಅವ್ರೂ ಕಲ್ಸಿಲ್ಲ. ನೀವೇ ಕೇಳಿದ್ರಲ್ರಿ?"