ಫರೀದಾಬಾದಿನಲ್ಲಿ ನಾನು ಕಳೆದ ಎರಡು ಅಂಕ

ದಾವಣಗೆರೆಯಲ್ಲಿ ಹತ್ತಿದ ರೈಲು ನಿಜಾಮುದ್ದೀನ್ ಸ್ಟೇಷನ್ ಮುಟ್ಟುವಾಗ ನಾಲ್ಕು ಗಂಟೆ ತಡವಾಗಿತ್ತು. ಮಂಜಿಗೆ ಎದುರಿನ ಪ್ಲಾಟ್‌ಫಾರ್ಮೂ ಕಾಣುತ್ತಿರಲಿಲ್ಲ. ಅಷ್ಟು ಹೊತ್ತೂ ಆ ಚಳಿಯಲ್ಲಿ ಗುರ್ಮೀತ್ ಸಿಂಗ್ ನನಗಾಗಿ ಕಾದಿದ್ದರು. ಫರೀದಾಬಾದಿನಲ್ಲಿ ಸಣ್ಣ ಲೇತ್ ವರ್ಕ್‌ಶಾಪ್ ನಡೆಸುವ ಅವರ ಬಳಿಯೂ ನನ್ನ ಬಳಿ ಇರುವಂಥದೇ ಹಳೆಯ ಫಿಯೆಟ್ ಇದೆ. ಐದಾರು ವರ್ಷಗಳಿಂದ ಫೋನಿನಲ್ಲೇ ಗೆಳೆತನ. ಕಾರ್ಬುರೇಟರಿನಿಂದ ಶುರುವಾದ ಮಾತು ಮಕ್ಕಳ ಮದುವೆಯವರೆಗೂ ಹೋಗುತ್ತಿತ್ತು. ಮುಖ ನೋಡಿದ್ದು ಇದೇ ಮೊದಲು.

ಫಿಯೆಟ್ಟಿನಲ್ಲೇ ಕರೆದೊಯ್ಯುತ್ತಾರೆಂದು ಆಸೆಪಟ್ಟಿದ್ದೆ. ತಂದದ್ದು ಹೆಂಡತಿಯ ಪುಟ್ಟ ಹೊಸ ಕಾರು. ಫಿಯೆಟ್ಟಿಗೆ ನಾಳೆ ಪರೀಕ್ಷೆ, ಇವತ್ತು ರಜೆ ಎಂದು ನಕ್ಕರು. ಮನೆಯಲ್ಲಿ ಬಿಸಿ ಮೂಲಂಗಿ ಪರಾಠ, ಬೆಣ್ಣೆ, ಬೆಲ್ಲದ ಚಹಾ. ತಿನ್ನುತ್ತಾ ನನ್ನ ಹಳೇ ಗೋಳನ್ನೇ ಮತ್ತೆ ತೋಡಿಕೊಂಡೆ. ನನ್ನ ಗಾಡಿಯಲ್ಲಿ ಎಲ್ಲವೂ ಅಸಲಿ, ಸ್ಟೀರಿಂಗಿನ ಮೇಲೆ ಒತ್ತಿ ಹಾರ್ನ್ ಬಾರಿಸುವ ಹೊಳೆಯುವ ರಿಂಗ್ ಒಂದು ಬಿಟ್ಟು. ಅದಕ್ಕಾಗಿ ನಾನು ಜಾಲಾಡದ ಗುಜರಿ ಅಂಗಡಿಯಿಲ್ಲ. ಗುರ್ಮೀತ್ ಹೆಂಡತಿಯ ಮುಖ ನೋಡಿದರು. ಆಕೆ ನನ್ನ ತಟ್ಟೆಗೆ ಇನ್ನೊಂದು ಪರಾಠ ಹಾಕಿದರು.

ಮರುದಿನ ಭಾನುವಾರ. ಅವರ ಸೆಕ್ಟರಿನ ಮೈದಾನದಲ್ಲಿ ಕಪ್ಪಿನ ಸ್ಪರ್ಧೆಗೆಂದು ಬಂದ ಹಳೆಯ ಕಾರುಗಳು ಬಾನೆಟ್ ತೆರೆದು ಎಳೆಬಿಸಿಲಿಗೆ ನಿಂತಿದ್ದವು. ಅವರಲ್ಲೊಂದು ಪದ್ಧತಿ: ಎಲ್ಲರಿಗಿಂತ ದೂರದಿಂದ ಬಂದ ಅತಿಥಿಯೇ ತೀರ್ಪುಗಾರ, ಅವನ ಅಂಕವನ್ನು ಯಾರೂ ಪ್ರಶ್ನಿಸುವಂತಿಲ್ಲ. ಈ ಸಲ ಅದು ನಾನು. ಗುರ್ಮೀತರ ಫಿಯೆಟ್ ಅವರ ತಂದೆ ಓಡಿಸಿದ್ದು. ತಂದೆಯ ಹೆಸರಲ್ಲಿ ಒಮ್ಮೆಯಾದರೂ ಈ ಕಪ್ ಗೆಲ್ಲಬೇಕೆಂದು ಎಷ್ಟು ಸಲ ನನ್ನ ಬಳಿ ಹೇಳಿಕೊಂಡಿದ್ದರೋ.

ಅದು ಗೊತ್ತಿದ್ದೇ ನಾನು ಕೆಟ್ಟೆ. ಗೆಳೆಯನೆಂದು ಪಕ್ಷಪಾತ ಮಾಡಿದ ಅನ್ನಿಸಿಕೊಳ್ಳಬಾರದಲ್ಲ! ಅವರ ಫಿಯೆಟ್ಟಿನ ಬಾಗಿಲು ತೆಗೆದು ನೋಡಿದರೆ ಸ್ಟೀರಿಂಗಿನಲ್ಲಿ ರಿಂಗೇ ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಹಾರ್ನಿಗೆಂದು ಕಾಲಿಂಗ್ ಬೆಲ್ಲಿನ ಸ್ವಿಚ್ಚೊಂದು ಸಿಕ್ಕಿಸಿದ್ದರು. ನನ್ನ ನಾಲಿಗೆ ಸುಮ್ಮನಿದ್ದೀತೆ? ಹರಕು ಹಿಂದಿಯಲ್ಲಿ, ಎಲ್ಲರೆದುರು, ಇದೇನು ಭಾಯಿಸಾಬ್, ಕಾರೋ ಮನೆಬಾಗಿಲೋ ಎಂದುಬಿಟ್ಟೆ. ಜನ ನಕ್ಕರು. ಗುರ್ಮೀತರೂ ನಕ್ಕರು. ಎರಡು ಅಂಕ ಕಳೆದೆ. ಕಪ್ ಪೀತಮ್‌ಪುರದ ನಾಗರಾಜರ ಅಂಬಾಸಿಡರಿಗೆ ಹೋಯಿತು, ಒಂದೇ ಅಂಕದಲ್ಲಿ.

ನಾಗರಾಜರು ಹಾಸನದ ಕಡೆಯವರು, ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕೆಲಸ. ಗೆದ್ದವರ ಮುಖದಲ್ಲಿ ಗೆಲುವಿರಲಿಲ್ಲ. ಚಹಾದ ನೆಪದಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

‘ಮೊನ್ನೆವರೆಗೂ ಆ ರಿಂಗ್ ಅಲ್ಲೇ ಇತ್ತು ಸಾರ್. ನಿಮಗೆ ಕೊಡೋಕೆ ಅಂತ ಬಿಚ್ಚಿಟ್ಟಿದಾರೆ. ಕಾಂಪಿಟಿಷನ್ ಮುಗೀಲಿ, ಆಮೇಲೆ ಬಿಚ್ಚಿ ಅಂದೆ. ಅದಕ್ಕವರು, ಕೊಡ್ತೀನಿ ಅಂತ ಮನಸ್ಸು ಮಾಡಿದ್ಮೇಲೆ ಅದು ಅವರದು, ಅದನ್ನಿಟ್ಕೊಂಡು ನಾನು ಹೇಗೆ ಅಂಕ ತಗೊಳ್ಳಲಿ ಅಂದ್ರು.’

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನೇರ ಗುರ್ಮೀತರ ಬಳಿ ಹೋಗಿ, ಅಂಕ ತಿದ್ದುತ್ತೇನೆ, ಎಲ್ಲರೆದುರು ಕ್ಷಮೆ ಕೇಳುತ್ತೇನೆ ಎಂದೆ. ಅವರು ಸುತರಾಂ ಒಪ್ಪಲಿಲ್ಲ. ದೂರದಿಂದ ಬಂದವರ ಮಾತು ತಿದ್ದುವ ಪದ್ಧತಿ ತಮ್ಮಲ್ಲಿಲ್ಲ ಎಂದರು.

‘ರಿಂಗ್ ಇರಲಿಲ್ಲ ತಾನೆ? ನೀವು ಸರಿಯಾಗೇ ನೋಡಿದಿರಿ, ಭಾಯಿಸಾಬ್.’

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಸ್ಟೇಷನ್ನಿಗೆ ಫಿಯೆಟ್ಟಿನಲ್ಲೇ ಹೊರಟೆವು. ಮಥುರಾ ರಸ್ತೆಯ ತುಂಬ ಲಾರಿ, ಆಟೋ. ಹಾರ್ನ್ ಬೇಕಾದಾಗಲೆಲ್ಲ ಆ ದೊಡ್ಡ ಆಳು ಬಗ್ಗಿ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಬೇಕು. ಅವರು ಬಗ್ಗಿದಾಗಲೆಲ್ಲ ನಾನು ಕಿಟಕಿಯಾಚೆ ನೋಡಿದೆ.

ರೈಲಿನ ಬಾಗಿಲಲ್ಲಿ ಪರಾಠದ ಡಬ್ಬಿಯ ಜೊತೆ, ಹಳೆಯ ಟವೆಲ್ಲಿನಲ್ಲಿ ಸುತ್ತಿದ ರಿಂಗನ್ನು ನನ್ನ ಕೈಗಿಟ್ಟರು. ಬಾಯಿಮಾತಿಗೆಂಬಂತೆ ಒಂದು ಸಲ ಬೇಡವೆಂದು ವಾಪಸ್ ಚಾಚಿದೆ. ಅವರು ತಳ್ಳಿದರು. ರೈಲು ಹೊರಡಲು ಇನ್ನೂ ಸಾಕಷ್ಟು ಹೊತ್ತಿತ್ತು. ಎರಡನೆಯ ಸಲ ನಾನು ಚಾಚಲಿಲ್ಲ.